ಆರ್ಟೀಮಿಯಾ ಮೊಟ್ಟೆ: ಬಿಡಿ ಪೊಟ್ಟಣವೋ, ಸೀಲ್ ಡಬ್ಬವೋ?

ಆರ್ಟೀಮಿಯಾ ಎಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ, ಅದರ ಮರಿ ಮೀನುಮರಿಗಳಿಗೆ ಜೀವಂತ ಆಹಾರ. ಅಕ್ವೇರಿಯಂ ಅಂಗಡಿಯಲ್ಲಿ "ಆರ್ಟೀಮಿಯಾ ಕೊಡಿ" ಎಂದರೆ ಮೂರು ಬೇರೆ ಬೇರೆ ಸಾಮಾನು ಕೈಗೆ ಬರಬಹುದು. ಒಂದು, ಉಪ್ಪುನೀರಿಗೆ ಹಾಕಿದರೆ ಮರಿಯೊಡೆಯುವ ಕಂದು ಮೊಟ್ಟೆ. ಇನ್ನೊಂದು, ಸಿಪ್ಪೆ ಕಳಚಿ ಒಣಗಿಸಿದ್ದು. ಅದನ್ನು ಹಾಗೇ ತಿನ್ನಿಸಬೇಕು, ಎಷ್ಟು ದಿನ ಗಾಳಿ ಬಿಟ್ಟರೂ ಮರಿ ಬರುವುದಿಲ್ಲ. ಮೂರನೆಯದು ಹೆಪ್ಪುಗಟ್ಟಿಸಿದ ಆರ್ಟೀಮಿಯಾದ ಅಚ್ಚು, ಫ್ರೀಜರಿನಲ್ಲಿಡುವಂಥದು. ಮೊದಲೆರಡೂ ಮರಳಿನಂಥ ಪುಡಿಯೇ ಆದ್ದರಿಂದ ಅದಲುಬದಲಾಗುವುದು ಹೆಚ್ಚು. ಪೊಟ್ಟಣದ ಮೇಲೆ "ಶೆಲ್ ಫ್ರೀ" ಅಥವಾ "ಡಿಕ್ಯಾಪ್ಸುಲೇಟೆಡ್" ಎಂದಿದ್ದರೆ ಸಾಮಾನ್ಯವಾಗಿ ಅದು ಒಡೆಯದ ಮಾಲು. "ಮೊಟ್ಟೆ ಡೂಪ್ಲಿಕೇಟ್" ಎಂಬ ದೂರುಗಳಲ್ಲಿ ಕೆಲವಕ್ಕಾದರೂ ಕಾರಣ ಇಷ್ಟೇ. ಇಲ್ಲಿನ ಮಾತು ಒಡೆಯುವ ಮೊಟ್ಟೆಯದು.

ಇದು ಎಲ್ಲರಿಗೂ ಬೇಕಾದ ವಸ್ತುವಲ್ಲ. ಗಪ್ಪಿ, ಮೋಲಿ ಮರಿಗಳು ಹುಟ್ಟುವಾಗಲೇ ದೊಡ್ಡವು, ನುಣ್ಣಗೆ ಪುಡಿ ಮಾಡಿದ ಫ್ಲೇಕ್ ತಿಂದು ಬದುಕುತ್ತವೆ. ಆರ್ಟೀಮಿಯಾ ಕೊಟ್ಟರೆ ಬೇಗ ಬೆಳೆಯುತ್ತವೆ, ಅಷ್ಟೇ. ನಿಯಾನ್ ಟೆಟ್ರಾ ಮರಿಯ ಬಾಯಿಗೆ ಮೊದಲ ದಿನಗಳಲ್ಲಿ ಇದು ಹಿಡಿಯುವುದೇ ಇಲ್ಲ, ಅದಕ್ಕೆ ಇನ್ಫ್ಯೂಸೋರಿಯಾ, ಅಂದರೆ ನೀರಿನಲ್ಲಿರುವ ಅತಿ ಸೂಕ್ಷ್ಮ ಜೀವಿಗಳು ಬೇಕು. ಏಂಜಲ್ ಮೀನು ಸಾಕುವವರಿಗೆ ಮಾತ್ರ ಇದಿಲ್ಲದೆ ಕಷ್ಟ. ಏಂಜಲ್ ಮರಿ ಈಜಲು ತೊಡಗಿದ ದಿನದಿಂದಲೇ 0.4ರಿಂದ 0.5 ಮಿಲಿಮೀಟರಿನ ಈ ಜೀವಿಯನ್ನು ನುಂಗಬಲ್ಲದು. ಎದುರಿಗೆ ಮಿಸುಕಾಡುವುದಕ್ಕೆ ಮರಿ ಬಾಯಿ ಹಾಕುತ್ತದೆ. ಸುಮ್ಮನೆ ಬಿದ್ದ ಪುಡಿಯನ್ನು ಕಂಡರೂ ಬಿಡುತ್ತದೆ, ಆ ಪುಡಿ ಕೊಳೆತು ನೀರು ಕೆಡುತ್ತದೆ. ಫೈಟರ್ ಮರಿಗೆ ಎರಡು ಮೂರು ದಿನ ತಡವಾಗಿ ಕೊಟ್ಟರೆ ಕ್ಷೇಮ.

ಈಗ ಪೊಟ್ಟಣದ ವಿಷಯ. ಮಾರುಕಟ್ಟೆಗೆ ಬರುವ ಮೊಟ್ಟೆಯಲ್ಲಿ ದೊಡ್ಡ ಪಾಲು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನದು. ಮೂಲ ಪ್ಯಾಕಿಂಗ್ ಗಾಳಿ ತೆಗೆದು ಸೀಲ್ ಮಾಡಿದ ತಗಡಿನ ಡಬ್ಬ, ಹೆಚ್ಚಾಗಿ 425 ಗ್ರಾಮಿನದು. 10, 25, 50 ಗ್ರಾಮಿನ ಜಿಪ್ ಪೊಟ್ಟಣಗಳು ಅಂಥ ಡಬ್ಬ ಒಡೆದು ಮರಳಿ ತುಂಬಿದವು. ಕೆಡುವುದು ಇಲ್ಲೇ. ಒಣಗಿದ ಮೊಟ್ಟೆ ಗಾಳಿಯ ತೇವ ಹೀರಿದರೆ ಒಳಗಿನ ಭ್ರೂಣ ಅರೆಬರೆ ಎಚ್ಚರಗೊಂಡು ತನ್ನ ಕೂಡಿಟ್ಟ ಶಕ್ತಿಯನ್ನು ಕರಗಿಸುತ್ತದೆ. ಮತ್ತೆ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ದಿನಕ್ಕೆರಡು ಸಲ ತೆರೆಯುವ ಪೊಟ್ಟಣ ಎಷ್ಟು ದಿನ ಬಾಳೀತು? ಕೊಳ್ಳುವಾಗ ಪೊಟ್ಟಣವನ್ನು ಓರೆ ಮಾಡಿ ನೋಡಿ: ಪುಡಿ ರಾಗಿಕಾಳಿನ ಹಾಗೆ ಸರಸರ ಜಾರಬೇಕು. ಗಂಟು ಕಟ್ಟಿದ್ದರೆ, ಪ್ಯಾಕ್ ಮಾಡಿದ ತಿಂಗಳು ನಮೂದಾಗಿಲ್ಲದಿದ್ದರೆ, ಎಷ್ಟೇ ಅಗ್ಗವಾದರೂ ಬೇಡ.

ಡಬ್ಬ ಒಮ್ಮೆಲೇ ಕೈ ಸುಟ್ಟರೂ ಗ್ರಾಂ ಲೆಕ್ಕಕ್ಕೆ ಅಗ್ಗ. ಮೂರು ನಾಲ್ಕು ಜನ ಹಂಚಿಕೊಳ್ಳುವುದು ಜಾಣತನ. ಒಡೆದ ಕೂಡಲೇ ಸಣ್ಣ ಗಾಜಿನ ಬಾಟಲಿಗಳಿಗೆ ಕಂಠಮಟ್ಟ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ ಫ್ರಿಜ್ಜಿನಲ್ಲಿಡಿ. ಬಳಕೆಗೆ ಒಂದೇ ಬಾಟಲಿ ಹೊರಗಿರಲಿ. ಫ್ರೀಜರಿನಲ್ಲಿಟ್ಟದ್ದಾದರೆ ಬಳಸುವ ಕೆಲವು ದಿನ ಮೊದಲೇ ಹೊರತೆಗೆಯಬೇಕು.

ನೂರರಲ್ಲಿ ಎಷ್ಟು ಮೊಟ್ಟೆ ಒಡೆಯುತ್ತವೆ ಎಂದು ಹೇಳುವ 80 ಶೇಕಡಾ, 90 ಶೇಕಡಾ ಎಂಬ ದರ್ಜೆಗಳ ನಡುವೆ ಹತ್ತೇ ಅಂಕದ ಅಂತರ ಎಂದು ಎಣಿಸಬೇಡಿ. ಒಂದು ಗ್ರಾಮಿನಲ್ಲಿ ಸುಮಾರು ಎರಡೂವರೆ ಲಕ್ಷ ಮೊಟ್ಟೆ ಇರುತ್ತವೆ. 80ರ ದರ್ಜೆಯಲ್ಲಿ 50 ಸಾವಿರ ಒಡೆಯದೆ ಉಳಿದರೆ, 90ರಲ್ಲಿ 25 ಸಾವಿರ. ಅಂದರೆ ಕಸ ಇಮ್ಮಡಿ. ಗಪ್ಪಿಗೆ ಅದು ಲೆಕ್ಕಕ್ಕಿಲ್ಲ. ವಾರದ ಏಂಜಲ್ ಮರಿ ಒಡೆಯದ ಮೊಟ್ಟೆ, ಸಿಪ್ಪೆ ನುಂಗಿದರೆ ಕರುಳು ಕಟ್ಟಿ ಸಾಯಬಹುದು. ಏಂಜಲಿಗೆ 90ರದ್ದೇ ತಗೊಳ್ಳಿ.

ಲೇಬಲ್ ನಂಬುವ ಬದಲು ಎಣಿಸಿ ನೋಡಬಹುದು. ಒಡವೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 0.2 ಗ್ರಾಂ ತೂಗಿ ಒಂದು ಲೀಟರ್ ಉಪ್ಪುನೀರಿಗೆ ಹಾಕಿ ಪಂಪಿನಿಂದ ಗಾಳಿ ಬಿಡಿ (ಉಪ್ಪಿನ ಅಳತೆ ಮುಂದಿದೆ). 24 ಗಂಟೆ ಕಳೆದು, ಗಾಳಿ ಓಡುತ್ತಿರುವಾಗಲೇ ಸಿರಿಂಜಿನಲ್ಲಿ 1 ಮಿಲಿಲೀಟರ್ ಎಳೆದು ಬಿಳಿ ತಟ್ಟೆಗೆ ಬಿಡಿ. ಒಂದು ಹನಿ ವಿನೆಗರ್ ಹಾಕಿದರೆ ಮರಿಗಳ ಓಡಾಟ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ಮರಿ ಎಷ್ಟು, ಇಡೀ ಉಳಿದ ಮೊಟ್ಟೆ ಎಷ್ಟು ಎಂದು ಎಣಿಸಿ. ಒಡೆದ ಖಾಲಿ ಸಿಪ್ಪೆ ಲೆಕ್ಕಕ್ಕಿಲ್ಲ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಒಡೆಸುವ ಸಾಧನಕ್ಕೆ ದುಡ್ಡು ಹಾಕಬೇಕಾಗಿಲ್ಲ. ನಲ್ಲಿ, ಸ್ಟ್ಯಾಂಡ್ ಸಮೇತ ಮಾರುವ ಶಂಕುವಿನಾಕಾರದ ಪಾತ್ರೆಯ ಕೆಲಸವನ್ನು 2 ಲೀಟರಿನ ಸೋಡಾ ಬಾಟಲಿ ಮಾಡುತ್ತದೆ: ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಗಾಳಿಯ ಗಟ್ಟಿ ಕೊಳವೆ ಕತ್ತಿನ ತುದಿ ಮುಟ್ಟಲಿ. ಗಾಳಿಯಿಲ್ಲದೆ ನಡೆಯುವ ತಟ್ಟೆಯಂಥ ಹ್ಯಾಚರಿ, ಬೆಳಕಿನತ್ತ ಮರಿಗಳು ಈಜಿ ಬರುವ ಗುಣವನ್ನೇ ನೆಚ್ಚಿದ್ದು. ಒಂದು ಜೋಡಿ ಫೈಟರ್‌ನ ಮರಿಗಳಿಗೆ ಸಾಕು. ಮೊಟ್ಟೆ ಸ್ವಲ್ಪ ಹೆಚ್ಚು ಸುರಿದರೂ ಉಸಿರು ಸಾಲದೆ ನಾರುತ್ತದೆ.

ಬಾಟಲಿಗೆ 1.5 ಲೀಟರ್ ನೀರು, 38 ಗ್ರಾಂ ಉಪ್ಪು, 1.5 ಗ್ರಾಂ ಮೊಟ್ಟೆ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ಕಲ್ಲುಪ್ಪು ಮತ್ತು ಪುಡಿಯುಪ್ಪು ಒಂದೇ ಚಮಚಕ್ಕೆ ಬೇರೆ ಬೇರೆ ತೂಗುತ್ತವೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಾದರೂ ಸರಿ, ಕರಗಿಸಿ ಬಟ್ಟೆಯಲ್ಲಿ ಸೋಸಿ. ಅಯೋಡಿನ್ ಉಪ್ಪಿನಲ್ಲಿ ಮೊಟ್ಟೆ ಒಡೆಯುವುದಿಲ್ಲ ಎಂಬುದು ಬರೀ ನಂಬಿಕೆ. ಪಿಎಚ್ 8ಕ್ಕಿಂತ ಮೇಲಿರಬೇಕು. ಆರ್‌ಒ ನೀರು ಬಳಸುವವರು ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ. ಗಡಸು ಬೋರ್‌ವೆಲ್ ನೀರಿಗೆ ಸಾಮಾನ್ಯವಾಗಿ ಅದು ಬೇಡ. ಮೊದಲ ಕೆಲವು ಗಂಟೆ ಬೆಳಕು ಚೆನ್ನಾಗಿ ಬೀಳಲಿ.

ಉಷ್ಣತೆ 26ರಿಂದ 28 ಡಿಗ್ರಿ. ಕರಾವಳಿಯಲ್ಲಿ ಇದಕ್ಕೆ ಯೋಚನೆಯಿಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಬಾಟಲಿ ಹಾಗೇ ಬಿಟ್ಟರೆ 24 ಗಂಟೆಯ ಕೆಲಸ 36 ದಾಟುತ್ತದೆ, ಮರಿಗಳೂ ಒಟ್ಟಿಗೆ ಹೊರಬರುವುದಿಲ್ಲ. ಹೀಟರ್ ಇರುವ ಬಕೆಟ್ ನೀರಿನಲ್ಲಿ ಬಾಟಲಿ ನಿಲ್ಲಿಸಿದರೆ ಮುಗಿಯಿತು. ಹೀಟರನ್ನು ಬಾಟಲಿಯೊಳಗೇ ಇಳಿಬಿಡುವುದು ಬೇಡ.

ಏರ್‌ಸ್ಟೋನ್, ಅಂದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಕಲ್ಲು, ಹಾಕಲೇಬಾರದು. ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಮೊಟ್ಟೆಯನ್ನು ನೀರಿನ ಮೇಲಕ್ಕೆ, ಗೋಡೆಗೆ ಅಂಟಿಸುತ್ತವೆ. ಅಂಟಿದ್ದು ಒಣಗಿ ಹಾಳು. ಬರಿಯ ಕೊಳವೆಯ ದಪ್ಪ ಗುಳ್ಳೆಯೇ ಒಳ್ಳೆಯದು, ತಳದಲ್ಲಿ ಒಂದು ಕಾಳೂ ನಿಲ್ಲದಷ್ಟು ಜೋರಾಗಿ. ಕರೆಂಟ್ ಹೋದಾಗ ಎಲ್ಲ ಕತ್ತಿನಲ್ಲಿ ಕೂತು ಉಸಿರುಗಟ್ಟುತ್ತವೆ, ಅದಕ್ಕೇ ಬ್ಯಾಟರಿ ಪಂಪ್. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನಾನ್‌ರಿಟರ್ನ್ ವಾಲ್ವ್ ಹಾಕಿ, ಇಲ್ಲವಾದರೆ ಉಪ್ಪುನೀರು ಪಂಪಿಗೇ ಇಳಿಯುತ್ತದೆ.

24 ಗಂಟೆಗೆ ಗಾಳಿ ನಿಲ್ಲಿಸಿ, ಕೆಳಗಡೆ ಟಾರ್ಚ್ ಹಿಡಿಯಿರಿ. ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿ ಕೆಳಗೆ ಗುಂಪಾಗುತ್ತದೆ. ಹತ್ತು ನಿಮಿಷ ಸಾಕು, ಹೆಚ್ಚಾದರೆ ಆ ಗುಂಪೇ ಸಾಯುತ್ತದೆ. ಸಣ್ಣ ಕೊಳವೆಯಿಂದ ಸೈಫನ್ ಮಾಡುವಾಗ ಮೊದಲು ಬರುವ ಒಂದಿಷ್ಟು ನೀರನ್ನು ಚೆಲ್ಲಿ, ಒಡೆಯದ ಮೊಟ್ಟೆ ಇರುವುದು ಅದರಲ್ಲೇ. ಉಳಿದದ್ದನ್ನು 120 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ತಿನ್ನಿಸಿ. ಸಂಜೆಯವರೆಗೆ ಬಾಟಲಿಯಲ್ಲೇ ಬಿಟ್ಟರೆ ಮರಿಗಳು ತಮ್ಮ ಹೊಟ್ಟೆಯ ಭಂಡಾರವನ್ನು ತಾವೇ ತಿಂದು ಮುಗಿಸುತ್ತವೆ, ಮೀನಿಗೆ ಸಿಗುವುದು ಕಡಿಮೆ. ಮಿಕ್ಕಿದ್ದನ್ನು ಉಪ್ಪುನೀರಿನಲ್ಲಿ ತೆಳುವಾಗಿ ಹರಡಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕಾಗುತ್ತದೆ.

ಏಂಜಲ್ ಮರಿಯ ಹೊಟ್ಟೆ ಕಿತ್ತಳೆಯಾಗಿ ಉಬ್ಬಿದರೆ ಅಳತೆ ಸರಿ. ಸಿಹಿನೀರಿನಲ್ಲಿ ಆರ್ಟೀಮಿಯಾ ಕೆಲವೇ ಗಂಟೆ ಬದುಕುವುದರಿಂದ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಸಲ ಕೊಟ್ಟು, ತಳದಲ್ಲಿ ಸತ್ತು ಬಿದ್ದದ್ದನ್ನು ಹೀರಿ ತೆಗೆಯಿರಿ. ಆ ಟ್ಯಾಂಕಿನಲ್ಲಿ ಸ್ಪಂಜ್ ಫಿಲ್ಟರ್ ಮಾತ್ರ ಇರಲಿ.

ಹಳೆಯ ಪೊಟ್ಟಣ ಅರ್ಧಕ್ಕರ್ಧವೂ ಒಡೆಯದಿದ್ದರೆ ಮೊಟ್ಟೆ ಇಮ್ಮಡಿ ಸುರಿಯಬೇಡಿ, ನೀರು ಕೆಡುವುದಷ್ಟೇ ಲಾಭ. ಒಂದು ಗಂಟೆ ಸಿಹಿನೀರಿನಲ್ಲಿ ನೆನೆಸಿ, ವಾಸನೆ ಸೇರಿಸದ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚಿನಲ್ಲಿ ಕಲಕುತ್ತಿರಿ. ಕಂದು ಬೂದಾಗಿ, ಬೂದು ಕಿತ್ತಳೆಯಾಗುತ್ತದೆ. ನೀರು ಬಿಸಿಯೇರಿದರೆ ಐಸ್ ಹಾಕಿ. ಕಿತ್ತಳೆಯಾದ ಕೂಡಲೇ ಜಾಲರಿಗೆ ಸುರಿದು ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ ತೊಳೆದರೆ ಸಿಪ್ಪೆಯಿಲ್ಲದ ಮೊಟ್ಟೆ ಸಿದ್ಧ. ಅದನ್ನು ಗಪ್ಪಿ ಮರಿಗಳಿಗೆ ಹಾಗೇ ತಿನ್ನಿಸಬಹುದು.