ಪಾತ್ರೆ ಅಂಗಡಿಯವರು ಕಂಡ ಗೂಗಲ್ ಬಿಸಿನೆಸ್ ಪ್ರೊಫೈಲ್

ಉಡುಪಿಯ ರಥಬೀದಿಗೆ ತಾಗಿದ ಓಣಿಯೊಂದರಲ್ಲಿ ನಮ್ಮ ಪಾತ್ರೆ ಅಂಗಡಿಯಿದೆ. ಕಂಚಿನ ಉರುಳಿ, ತಾಮ್ರದ ಹಂಡೆ, ಶ್ಯಾವಿಗೆ ಒತ್ತುವ ಮಣೆ, ಮೆಟ್ಟುಕತ್ತಿ ಮೊದಲಾದವು ನಮ್ಮ ಸರಕು. ತಂದೆಯವರ ಕಾಲದಲ್ಲಿ ಗಿರಾಕಿಗಳು ಮಠಕ್ಕೆ ಬಂದ ದಾರಿಯಲ್ಲಿ ಒಳಗೆ ಬರುತ್ತಿದ್ದರು, ಇಲ್ಲವೇ ಮದುವೆ, ಗೃಹಪ್ರವೇಶದ ಪಟ್ಟಿ ಹಿಡಿದುಕೊಂಡು ಬರುತ್ತಿದ್ದರು. ಈಗ ಮಣಿಪಾಲದಲ್ಲಿ ಹೊಸದಾಗಿ ಸಂಸಾರ ಹೂಡಿದವರೂ, ಮುಂಬಯಿಯಿಂದ ರಜೆಗೆ ಊರಿಗೆ ಬಂದವರೂ ಮೊದಲು ಮೊಬೈಲಿನಲ್ಲಿ ಹುಡುಕಿ, ಅಂಗಡಿ ತೆರೆದಿದೆಯೇ ಎಂದು ನೋಡಿಕೊಂಡು, ಆಮೇಲೆ ಮನೆಯಿಂದ ಹೊರಡುತ್ತಾರೆ. ಆ ಹುಡುಕಾಟದಲ್ಲಿ ನಾವು ಸಿಗುವುದು, ಅಂಗಡಿಯ ವಿಳಾಸ, ಸಮಯ, ಫೋಟೊ, ವಿಮರ್ಶೆಗಳನ್ನು ಗೂಗಲ್‌ನಲ್ಲಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೇವೆಯ ಮೂಲಕ. ಮೂರು ವರ್ಷ ಬಳಸಿದ ಅನುಭವದಿಂದ ಹೇಳುವುದಾದರೆ, ಸಣ್ಣ ಅಂಗಡಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಾಧನ ಬೇರೊಂದಿಲ್ಲ. ಆದರೆ ಅದನ್ನು ಅಂಗಡಿಯವರೇ ನೋಡಿಕೊಳ್ಳಬೇಕು.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಮೊದಲ ವರ್ಷ ನಾವು ಈ ಕೆಲಸವನ್ನು ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟು ಒಂದು ಏಜೆನ್ಸಿಗೆ ಒಪ್ಪಿಸಿದ್ದೆವು. ಅವರು ಹಾಕಿದ ಫೋಟೊಗಳಲ್ಲಿ ನಮ್ಮ ಅಂಗಡಿಯಲ್ಲಿ ಇಲ್ಲದ ಪಾತ್ರೆಗಳೇ ಹೆಚ್ಚಾಗಿದ್ದವು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಪ್ರೊಫೈಲಿನ ಮಾಲೀಕತ್ವವನ್ನು ಅವರು ತಮ್ಮದೇ ಇಮೇಲ್‌ನಲ್ಲಿ ಇಟ್ಟುಕೊಂಡಿದ್ದರು. ಒಪ್ಪಂದ ಮುಗಿದ ಮೇಲೆ ನಮ್ಮ ಅಂಗಡಿಯ ಸಮಯವನ್ನು ತಿದ್ದುವ ಅಧಿಕಾರವೇ ನಮಗಿರಲಿಲ್ಲ. ಗೂಗಲ್‌ನಲ್ಲಿ ಇದಕ್ಕೆ ದಾರಿಯಿದೆ. ಮಾಲೀಕತ್ವ ಕೋರಿ ಅರ್ಜಿ ಹಾಕಿದರೆ, ಈಗಿನ ಮಾಲೀಕರಿಗೆ ಉತ್ತರಿಸಲು ಮೂರು ದಿನಗಳ ಅವಕಾಶವಿರುತ್ತದೆ. ಅವರಿಂದ ಉತ್ತರ ಬಾರದಿದ್ದರೆ ನಾವೇ ಪರಿಶೀಲನೆಗೆ ಒಳಪಟ್ಟು ಪ್ರೊಫೈಲ್ ಪಡೆದುಕೊಳ್ಳುವ ಸಾಧ್ಯತೆ ಇರುತ್ತದೆ. ನಮಗೆ ಬಂದದ್ದು ವಿಡಿಯೊ ಪರಿಶೀಲನೆ. ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಬೇಕಿತ್ತು. ಬೆಳಗ್ಗೆ ಓಣಿಯ ತಿರುವಿನಿಂದ ಆರಂಭಿಸಿ, ಅಕ್ಕಪಕ್ಕದ ಅಂಗಡಿಗಳನ್ನು ತೋರಿಸಿ, ನಮ್ಮ ಬೋರ್ಡಿನ ಮುಂದೆ ನಿಂತು, ಬೀಗ ತೆಗೆದು ಶಟರ್ ಎತ್ತಿ, ಒಳಗೆ ಗಲ್ಲಾಪೆಟ್ಟಿಗೆ ತೆರೆಯುವವರೆಗೆ ನನ್ನ ತಮ್ಮ ಮೊಬೈಲ್ ಹಿಡಿದುಕೊಂಡೇ ನಡೆದ. ಅಂಗಡಿಯ ಬೀಗದ ಕೈ ಯಾರ ಬಳಿ ಇದೆಯೋ ಅವರೇ ಮಾಲೀಕರು ಎಂಬ ಈ ಪರೀಕ್ಷೆ ನನಗೆ ನ್ಯಾಯವಾಗಿಯೇ ಕಂಡಿತು.

2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಈಗಿನ ಹೆಸರು ಬಂದದ್ದು 2021ರಲ್ಲಿ. ಹುಡುಕಿದ ಪದಕ್ಕೂ ಅಂಗಡಿಗೂ ಇರುವ ಸಂಬಂಧ, ಹುಡುಕುವವರಿಂದ ಅಂಗಡಿಗಿರುವ ದೂರ ಮತ್ತು ಅಂಗಡಿಯ ಪ್ರಸಿದ್ಧಿ, ಈ ಮೂರನ್ನು ನೋಡಿ ಯಾರನ್ನು ಮೇಲೆ ತೋರಿಸಬೇಕೆಂದು ನಿರ್ಧರಿಸುವುದಾಗಿ ಗೂಗಲ್ ಹೇಳುತ್ತದೆ. ದೂರ ನಮ್ಮ ಕೈಯಲ್ಲಿಲ್ಲ. ಪ್ರಸಿದ್ಧಿ ನಿಧಾನವಾಗಿ ಬರುವಂಥದ್ದು. ಉಳಿಯುವುದು ಪದಗಳು. ಅಂಗಡಿಯ ವಿವರಣೆಗೆ 750 ಅಕ್ಷರಗಳ ಮಿತಿಯಿದೆ. ನಾವು ಅದರಲ್ಲಿ ಹೊಗಳಿಕೆಯ ಮಾತುಗಳನ್ನು ತೆಗೆದು, ಏನೇನು ಸಿಗುತ್ತದೆ ಎಂಬುದನ್ನಷ್ಟೇ ಬರೆದೆವು.

ನಿಜವಾದ ಬದಲಾವಣೆ ಬಂದದ್ದು ಫೋಟೊಗಳಿಂದ. ಉರುಳಿಯ ಚಿತ್ರ ನೋಡಿದವರೆಲ್ಲ ಫೋನ್ ಮಾಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಷ್ಟು ದೊಡ್ಡದು? ಇಂಚಿನ ಲೆಕ್ಕ ಹೇಳಿದರೆ ಅಡುಗೆ ಮಾಡುವವರ ಕಣ್ಣಿಗೆ ಅಳತೆ ಕಟ್ಟುವುದಿಲ್ಲ. ಆಮೇಲೆ ನನ್ನ ಹೆಂಡತಿ ಪ್ರತಿ ಪಾತ್ರೆಯ ಪಕ್ಕದಲ್ಲಿ ಒಂದು ಸುಲಿದ ತೆಂಗಿನಕಾಯಿ ಇಟ್ಟು, ಬಾಗಿಲ ಬಳಿಯ ಬೆಳಕಿನಲ್ಲಿ ಫೋಟೊ ತೆಗೆಯತೊಡಗಿದಳು. ಕಾಯಿಯ ಗಾತ್ರ ನಮ್ಮ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಂದಿನಿಂದ ಫೋನ್ ಮಾಡುವವರು ಗಾತ್ರ ಕೇಳುವುದನ್ನು ಬಿಟ್ಟು ನೇರವಾಗಿ ತೂಕ ಮತ್ತು ದರ ಕೇಳುತ್ತಾರೆ.

ವಿಮರ್ಶೆಗಳಿಗೆ ಉತ್ತರಿಸುವುದನ್ನು ನಾನು ಬಹಳ ಮುಖ್ಯವಾದ ಕೆಲಸವೆಂದು ತಿಳಿದಿದ್ದೇನೆ. ಬ್ರಹ್ಮಾವರದಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಒಂದು ನಕ್ಷತ್ರ ಕೊಟ್ಟು, "ಆದಿತ್ಯವಾರ ತೆರೆದಿರುತ್ತದೆ ಎಂದು ಹಾಕಿದ್ದೀರಿ, ಬಂದು ನೋಡಿದರೆ ಬೀಗ" ಎಂದು ಬರೆದಿದ್ದರು. ಏಜೆನ್ಸಿ ಹಾಕಿದ್ದ ಸಮಯ ಹಾಗೆಯೇ ಉಳಿದಿತ್ತು, ತಪ್ಪು ನಮ್ಮದೇ. "ಅಮ್ಮಾ, ನಿಮ್ಮ ಒಂದು ದಿನ ನಮ್ಮಿಂದ ಹಾಳಾಯಿತು, ಸಮಯವನ್ನು ಇಂದೇ ಸರಿಪಡಿಸಿದ್ದೇವೆ" ಎಂದು ಬರೆದೆ. ಅವರು ಮುಂದಿನ ವಾರ ಬಂದು ಶ್ಯಾವಿಗೆ ಮಣೆ ಕೊಂಡರು; ನಕ್ಷತ್ರವನ್ನು ಬದಲಿಸಿ ಎಂದು ನಾನು ಕೇಳಲಿಲ್ಲ, ಅವರು ಬದಲಿಸಲೂ ಇಲ್ಲ. ಆ ವಿಮರ್ಶೆ ಇಂದಿಗೂ ಅಲ್ಲಿಯೇ ಇದೆ, ಇರುವುದೇ ಸರಿ. ರಿಯಾಯಿತಿಯ ಆಸೆ ತೋರಿಸಿ ಒಳ್ಳೆಯ ವಿಮರ್ಶೆ ಬರೆಸುವುದನ್ನು ಗೂಗಲ್‌ನ ನಿಯಮವೇ ನಿಷೇಧಿಸುತ್ತದೆ.

ಉಡುಪಿಯವರಿಗೆ ವಿಶೇಷವಾಗಿ ಹೇಳಬೇಕಾದ್ದು ಹಬ್ಬದ ದಿನಗಳ ಸಮಯದ ಬಗ್ಗೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ, ಇಂಥ ದಿನಗಳಲ್ಲಿ ರಥಬೀದಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ನಿತ್ಯದ ಸಮಯವನ್ನು ಮುಟ್ಟದೆ ಆಯಾ ದಿನಕ್ಕೆ ಮಾತ್ರ ಬೇರೆ ಸಮಯ ನಮೂದಿಸುವ ಅನುಕೂಲ ಪ್ರೊಫೈಲಿನಲ್ಲಿದ್ದು, ವಾರಕ್ಕೆ ಮುಂಚೆಯೇ ಅದನ್ನು ಹಾಕಿಟ್ಟರೆ ಬ್ರಹ್ಮಾವರದ ಆ ತಾಯಿಗಾದ ತೊಂದರೆ ಇನ್ನೊಬ್ಬರಿಗೆ ಆಗುವುದಿಲ್ಲ.

ಕೊರತೆಗಳಿಲ್ಲವೆಂದಲ್ಲ. ಪ್ರೊಫೈಲಿನೊಂದಿಗೆ ಉಚಿತವಾಗಿ ಸಿಗುತ್ತಿದ್ದ ಪುಟ್ಟ ವೆಬ್‌ಸೈಟನ್ನು 2024ರ ಮಾರ್ಚ್‌ನಲ್ಲಿ, ಚಾಟ್ ಸೌಲಭ್ಯವನ್ನು ಅದೇ ವರ್ಷದ ಜುಲೈ ಕೊನೆಯಲ್ಲಿ ಗೂಗಲ್ ನಿಲ್ಲಿಸಿತು. ನೋಡುಗರು ಯಾರೇ ಆಗಲಿ ಸಮಯ, ವಿಳಾಸಗಳಿಗೆ ತಿದ್ದುಪಡಿ ಸೂಚಿಸಬಹುದಾದ್ದರಿಂದ ವಾರಕ್ಕೊಮ್ಮೆಯಾದರೂ ಒಳಹೊಕ್ಕು ನೋಡಬೇಕಾಗುತ್ತದೆ. ಚಾಟ್ ನಿಂತುಹೋದ ಕಾರಣ ಗಿರಾಕಿಯ ಜೊತೆಗಿನ ಮಾತುಕತೆಯನ್ನು ನಾವು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಇಟ್ಟುಕೊಂಡಿದ್ದೇವೆ. ಅದರ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಸೇರಿಸಬಹುದು. ಪಟ್ಟಿಯಲ್ಲಿರುವ ಹಲವರಿಗೆ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಇದನ್ನು ಕೆಲವರು ಕೊರತೆಯೆನ್ನುತ್ತಾರೆ; ನನಗೆ ಅದು ಮರ್ಯಾದೆಯ ಗೆರೆಯಾಗಿ ಕಾಣುತ್ತದೆ, ಏಕೆಂದರೆ ಬೇಡದವರ ಮೊಬೈಲಿಗೆ ದಿನವೂ ದರಪಟ್ಟಿ ಕಳುಹಿಸುವ ಅಂಗಡಿಯ ಮೇಲೆ ಯಾರಿಗೂ ವಿಶ್ವಾಸ ಉಳಿಯುವುದಿಲ್ಲ. ಬಿಲ್ ಬರೆಯುವಾಗಲೇ "ಹೊಸ ಸರಕು ಬಂದರೆ ತಿಳಿಸಲೇ?" ಎಂದು ಕೇಳಿ, ಹೂಂ ಎಂದವರನ್ನಷ್ಟೇ ಪಟ್ಟಿಗೆ ಸೇರಿಸುತ್ತೇವೆ.

ಏಜೆನ್ಸಿಗೆ ಹಣ ಕೊಡಲೇಬೇಕೆಂದಿರುವವರು ಪ್ರೊಫೈಲನ್ನು ತಮ್ಮ ಇಮೇಲ್‌ನಲ್ಲಿ ತೆರೆದು, ಅವರನ್ನು ಮ್ಯಾನೇಜರ್ ಆಗಿ ಮಾತ್ರ ಸೇರಿಸಿಕೊಳ್ಳಿ. ಆ ವ್ಯವಸ್ಥೆ ಅದರಲ್ಲಿಯೇ ಇದೆ, ಮತ್ತು ಯಾವಾಗ ಬೇಕಾದರೂ ಅವರ ಹೆಸರನ್ನು ತೆಗೆಯಬಹುದು.