ಬದನೆಕಾಯಿ ಸುಡೋಕೆ ಯಾವ ಬೆಂಕಿ ವಾಸಿ? ನಾಲ್ಕು ಥರ ಸುಟ್ಟು ನೋಡಿದೆ

ನಾಲ್ಕು ಗುಂಡು ಬದನೆಕಾಯಿ, ಒಂದೊಂದೂ ಹೆಚ್ಚುಕಡಿಮೆ 350 ಗ್ರಾಂ. ಒಂದನ್ನು ಗ್ಯಾಸ್ ಉರಿಯಲ್ಲಿ ಸುಟ್ಟೆ. ಇನ್ನೊಂದನ್ನು ಇದ್ದಿಲ ಕೆಂಡದಲ್ಲಿ. ಮೂರನೆಯದು ಕರೆಂಟ್ ಓವನ್‌ಗೆ ಹೋಯಿತು. ನಾಲ್ಕನೆಯದನ್ನೂ ಓವನ್‌ನಲ್ಲೇ ಬೇಯಿಸಿ, ಆಮೇಲೆ ಪಾತ್ರೆಯೊಳಗೆ ಕೆಂಡ ಇಟ್ಟು ಹೊಗೆ ಕೊಟ್ಟೆ. ನಾಲ್ಕಕ್ಕೂ ಬರೀ ಉಪ್ಪು. ಈರುಳ್ಳಿ, ಹಸಿಮೆಣಸು, ಒಗ್ಗರಣೆ ಬಿದ್ದರೆ ಎಲ್ಲವೂ ರುಚಿಯಾಗೇ ಇರುತ್ತವೆ. ಆಮೇಲೆ ಹೋಲಿಸುವುದು ಏನನ್ನ, ಅಲ್ವಾ?

ಗ್ಯಾಸ್‌ನಿಂದಲೇ ಶುರು ಮಾಡುತ್ತೇನೆ, ದಿನಾ ಕೈಗೆ ಸಿಗುವುದು ಅದೇ ತಾನೇ. ಬರ್ನರ್ ಮೇಲೆ ಜಾಲರಿ, ಮಧ್ಯಮ ಉರಿ, ಎರಡು ಮೂರು ನಿಮಿಷಕ್ಕೊಮ್ಮೆ ಇಕ್ಕಳದಲ್ಲಿ ಹಿಡಿದು ತಿರುಗಿಸುವುದು. 16 ನಿಮಿಷಕ್ಕೆ ಕಾಯಿ ಕುಸಿದು ಕೂತಿತು. ಗ್ಯಾಸ್ ಉರಿಗೆ ತನ್ನದೇ ಹೊಗೆ ಅಂತ ಏನೂ ಇಲ್ಲ. ಬರುವ ಘಮವೆಲ್ಲ ಸಿಪ್ಪೆ ಕರಕಲಾಗುವುದರಿಂದ ಬರುವುದು. ಹಾಗಾಗಿ ಸಿಪ್ಪೆ ಕಂದಿದರೆ ಸಾಲದು, ಕಪ್ಪಾಗಿ ಬಿರಿಯಬೇಕು. ನಾನು ಬಹಳ ವರ್ಷ ಮಾಡಿದ ತಪ್ಪು ಅಂದರೆ ಆತುರ. ಉರಿ ಜೋರು ಮಾಡಿ ಏಳೆಂಟು ನಿಮಿಷಕ್ಕೇ ಇಳಿಸಿಬಿಡುತ್ತಿದ್ದೆ. ಹೊರಗೆ ಮಸಿ, ತೊಟ್ಟಿನ ಹತ್ತಿರ ಹಸಿಹಸಿ. ಈಗ ತೊಟ್ಟಿನ ಬುಡಕ್ಕೇ ಚಾಕು ಚುಚ್ಚಿ ನೋಡುತ್ತೇನೆ. ಸಲೀಸಾಗಿ ಇಳಿದರೆ ಮಾತ್ರ ಒಲೆ ಆರಿಸುವುದು. ಇದರ ತಕರಾರು ಒಂದೇ: ರಸ ತೊಟ್ಟಿಕ್ಕಿ ಬರ್ನರ್ ತೂತು ಕಟ್ಟುತ್ತದೆ. ತಿನ್ನುವ ಖುಷಿ ಐದು ನಿಮಿಷ, ಒಲೆ ಉಜ್ಜುವುದು ಹದಿನೈದು ನಿಮಿಷ.

ಕೆಂಡದ ವಿಷಯವೇ ಬೇರೆ. ಇಲ್ಲಿ ಸಿಪ್ಪೆಯೂ ಸುಡುತ್ತದೆ, ಬಿರಿದ ಕಡೆಯಿಂದ ಇಳಿದ ರಸ ಕೆಂಡದ ಮೇಲೆ ಬಿದ್ದು ಚುರ್ ಅಂತ ಹೊಗೆಯಾಗಿ ಮತ್ತೆ ಕಾಯಿಗೇ ಅಂಟುತ್ತದೆ. ಎರಡು ಕಡೆಯಿಂದ ಘಮ. ಆದರೆ ಇದ್ದಿಲು ಕಪ್ಪಾಗಿರುವಾಗಲೇ ಕಾಯಿ ಇಟ್ಟರೆ ಕೆಟ್ಟ ಕಮಟು ಬರುತ್ತದೆ. ಮೇಲೆ ಬೂದಿ ಕವಿಯುವವರೆಗೆ ಕಾಯಬೇಕು. ನನಗೆ ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಕೆಂಡದ ಮೇಲೆ ನೇರವಾಗಿ ಇಟ್ಟು 14 ನಿಮಿಷ, ಅಷ್ಟೇ. ಇದನ್ನೆಲ್ಲ ಬಯಲಲ್ಲೇ ಮಾಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೇ ಇಲ್ಲ, ಪ್ರಾಣಕ್ಕೇ ಅಪಾಯ.

ಓವನ್‌ನಲ್ಲಿ 230 ಡಿಗ್ರಿ, 45 ನಿಮಿಷ. ಒಳಗಿಡುವ ಮೊದಲು ನಾಲ್ಕಾರು ಕಡೆ ಫೋರ್ಕ್‌ನಿಂದ ಚುಚ್ಚಲೇಬೇಕು. ಬದನೆಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಭಾಗ ನೀರು. ಒಳಗಿನ ಹಬೆಗೆ ದಾರಿ ಬೇಡವೇ? ಒಮ್ಮೆ ಮರೆತಿದ್ದೆ. ಢಬ್ ಅಂತ ಸದ್ದಾಯಿತು, ಬಾಗಿಲು ತೆಗೆದರೆ ಗೋಡೆ ತುಂಬ ತಿರುಳು. ಇರಲಿ. ತಿರುಳಿನ ಹದದಲ್ಲಿ ಓವನ್ನೇ ಮೊದಲು. ತೊಟ್ಟಿನಿಂದ ತುದಿಯವರೆಗೂ ಒಂದೇ ಸಮ ಮೆತ್ತಗೆ, ಸ್ವಲ್ಪ ಸಿಹಿ. ಘಮ ಮಾತ್ರ ಸೊನ್ನೆ, ಸುಮ್ನೆ ಬೇಯಿಸಿದ ಬದನೆಕಾಯಿ. ಇನ್ನೊಂದು ದಿನ ಕೊನೆಯ ಹತ್ತು ನಿಮಿಷ ಮೇಲಿನ ಗ್ರಿಲ್ ಹಾಕಿ ಸಿಪ್ಪೆ ಕಪ್ಪಗೆ ಮಾಡಿದೆ. ಆಗ ಗ್ಯಾಸ್‌ನ ಅರ್ಧದಷ್ಟು ಘಮ ಬಂತು.

ನಾಲ್ಕನೆಯದರ ಮೇಲೆ ನನಗೆ ಬಹಳ ಆಸೆಯಿತ್ತು. ತಿರುಳಿನ ನಡುವೆ ಪುಟ್ಟ ಬಟ್ಟಲು, ಅದರಲ್ಲಿ ನಿಗಿನಿಗಿ ಕೆಂಡ, ಮೇಲೆ ಅರ್ಧ ಚಮಚ ತುಪ್ಪ, ತಕ್ಷಣ ಮುಚ್ಚಳ. ಮೂರು ನಿಮಿಷಕ್ಕೆ ಜೋರು ಘಮ ಬಂತು, ಆದರೆ ಅದು ತುಪ್ಪ ಸುಟ್ಟ ಘಮ. ಬದನೆಕಾಯಿಯದಲ್ಲ. ಮುಚ್ಚಳ ತೆಗೆಯುವುದು ತಡವಾದರೆ ಗಂಟಲು ಕೆರೆಯುವಂಥ ಕಹಿ. ತಪ್ಪು ಮುಚ್ಚಿಕೊಳ್ಳಲು ಒಳ್ಳೆಯ ಉಪಾಯ, ಅಷ್ಟೇ.

ಯಾವುದು ಯಾವುದು ಅಂತ ಹೇಳದೆ ನಾಲ್ಕೂ ಬಟ್ಟಲು ಮನೆಯವರ ಮುಂದಿಟ್ಟೆ. ಅತ್ತೆ ಮೊದಲ ತುತ್ತಿಗೇ ಕೆಂಡದ್ದನ್ನು ಹಿಡಿದರು. ಯಜಮಾನರು ಗ್ಯಾಸ್‌ನದ್ದನ್ನೇ ಕೆಂಡದ್ದು ಅಂದುಕೊಂಡು ಬಟ್ಟಲು ಖಾಲಿ ಮಾಡಿದರು.

ಸುಟ್ಟ ಮೇಲೂ ಕೆಡಿಸಲು ದಾರಿಗಳಿವೆ. ಸಿಪ್ಪೆ ಸುಲಿಯಲು ನಲ್ಲಿ ಕೆಳಗೆ ಹಿಡಿದರೆ ಕಷ್ಟಪಟ್ಟು ತಂದ ಘಮವೆಲ್ಲ ನೀರುಪಾಲು. ಹತ್ತು ನಿಮಿಷ ಮುಚ್ಚಿಡಿ, ಸಿಪ್ಪೆ ತಾನಾಗಿ ಬಿಡುತ್ತದೆ. ಅಂಟಿದ ಚೂರುಗಳನ್ನು ಒದ್ದೆ ಬೆರಳಲ್ಲಿ ತೆಗೆಯಿರಿ. ಒಂದೆರಡು ಉಳಿದರೂ ಚೆಂದವೇ. ಆಮೇಲೆ ಜರಡಿಯಲ್ಲಿ ಹಾಕಿ ನೀರು ಇಳಿಯಲು ಬಿಡಿ. ಮೊಸರು ಹಾಕಿ ಕಲಸುವುದಾದರೆ ಇದನ್ನು ಬಿಡಲೇಬೇಡಿ, ಇಲ್ಲದಿದ್ದರೆ ಮಜ್ಜಿಗೆ ಆಗುತ್ತದೆ. ಎಳ್ಳು ಅರೆದು ಹಾಕುವವರಿಗೆ ಘಮ ಇನ್ನೂ ಜಾಸ್ತಿ ಬೇಕು, ಎಳ್ಳು ಅದನ್ನು ಅಡಗಿಸಿಬಿಡುತ್ತದೆ. ಮಿಕ್ಸಿ ಮಾತ್ರ ಬೇಡ, ಗೋಂದಿನ ಹಾಗಾಗುತ್ತದೆ. ಕೈಯಲ್ಲೇ ಹಿಸುಕಿ.

ಈಗ ನಾನು ಗ್ಯಾಸ್ ಉರಿಯಲ್ಲಿ ಆರೇಳು ನಿಮಿಷ ಸುತ್ತಲೂ ಕಪ್ಪಾಗಿಸಿ, ಉಳಿದದ್ದನ್ನು ಓವನ್‌ಗೆ ಬಿಡುತ್ತೇನೆ, 200 ಡಿಗ್ರಿಯಲ್ಲಿ 25 ನಿಮಿಷ. ಘಮವೂ ಉಂಟು, ಹದವೂ ಉಂಟು, ಬರ್ನರ್‌ಗೂ ಅಷ್ಟು ರಸ ಬೀಳುವುದಿಲ್ಲ. ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ. "ಕೆಂಡ ಹಾಕೋ ದಿನ ಹೇಳಮ್ಮ, ಅವತ್ತು ಇನ್ನೊಂದು ತುತ್ತು ಜಾಸ್ತಿ ತಿಂತೀನಿ" ಅನ್ನುತ್ತಾರೆ.