ಸ್ಟಿಕರ್ ಮೇಲೆ 60, ನಮ್ಮ ಬೇಸಿಗೆಗೆ 40: ಕೆಂಪು ತಟ್ಟೆಯ ತೂಗು ಫೀಡರ್ ಹೇಗಿದೆ?

ಸಿಂಧನೂರಿನಲ್ಲಿ ಕೋಳಿ ಸಾಮಾನು ಮಾರುವ ಅಂಗಡಿಗೆ ಹೋದರೆ ಕೋಳಿಗೆ ಮೇವು ಹಾಕುವ ಈ ಫೀಡರ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಕೆಳಗೆ ಕೆಂಪು ತಟ್ಟೆ, ಮೇಲೆ ಹಳದಿ ಡಬ್ಬಿ, ನಡುವೆ ಜಾಲರಿ, ತೂಗುಹಾಕಲು ತಂತಿಯ ಕೊಕ್ಕೆ. ತಟ್ಟೆ ಬೇರೆ, ಡಬ್ಬಿ ಬೇರೆ ಮಾಡಿ ಸೂರಿನವರೆಗೆ ಪೇರಿಸಿಟ್ಟಿರುತ್ತಾರೆ. ದೊಡ್ಡ ಬ್ರ್ಯಾಂಡ್ ಏನಲ್ಲ. ಒಂದು ಸ್ಟಿಕರ್ ಇರುತ್ತದೆ, ಅದರ ಮೇಲೆ 12 ಕೆಜಿ, 60 ಕೋಳಿ ಎಂದು ಬರೆದಿರುತ್ತದೆ. ನಾನು ಒಂದಕ್ಕೆ 280 ರೂಪಾಯಿ ಕೊಟ್ಟೆ. ಜಾಲರಿ ಇಲ್ಲದ್ದು ಇನ್ನೂ ಕಡಿಮೆಗೆ ಸಿಗುತ್ತದೆ, ಅದರ ಮಾತು ಆಮೇಲೆ.

ನಮ್ಮದು ಮಸ್ಕಿ ರಸ್ತೆ ಕಡೆ 3000 ಬ್ರಾಯ್ಲರ್ ಹಿಡಿಯುವ ಶೆಡ್. ಒಂದು ಕಂಪನಿ ಜೊತೆ ಒಪ್ಪಂದ ಇದೆ. ಮರಿ, ಫೀಡ್, ಔಷಧಿ ಅವರದು. ಶೆಡ್, ಕರೆಂಟು, ಕೂಲಿ, ಕೆಳಗೆ ಹಾಸುವ ಭತ್ತದ ಹೊಟ್ಟು, ಫೀಡರ್, ಡ್ರಿಂಕರ್ ಎಲ್ಲ ನಮ್ಮದು. ಹೊಟ್ಟಿಗೆ ನಮ್ಮ ಕಡೆ ಚಿಂತೆ ಇಲ್ಲ, ಸುತ್ತಮುತ್ತ ರೈಸ್ ಮಿಲ್ಲುಗಳೇ. ಕೂಲಿಗೆ ಜನ ಸಿಗುವುದೇ ಕಷ್ಟ. ಹಳೆಯ ತಗಡಿನ ಉದ್ದ ತೊಟ್ಟಿಗಳು ತುಕ್ಕು ಹಿಡಿದಿದ್ದವು. ದಿನಕ್ಕೆ ಹತ್ತಾರು ಸಲ ಅವನ್ನು ತುಂಬಿಸುವುದರಲ್ಲೇ ಶೆಡ್ಡಿನ ಹುಡುಗನ ಜೀವ ಹೋಗುತ್ತಿತ್ತು. ಅದಕ್ಕೇ ತೂಗು ಫೀಡರ್ ಬೇಕಾಯಿತು.

ನಾನು ಮನೆಯಲ್ಲಿ ಟೈಲರಿಂಗ್ ಮಾಡುತ್ತೇನೆ. ಟೇಪು ಯಾವಾಗಲೂ ಬ್ಯಾಗಿನಲ್ಲಿ ಇರುತ್ತದೆ. ಅಂಗಡಿಯಲ್ಲೇ ತಟ್ಟೆಯ ಅಂಚಿಗೆ ಸುತ್ತ ಟೇಪು ಹಿಡಿದೆ. "ಅಕ್ಕಾರ, ಅದಕ್ಕೂ ಬ್ಲೌಸ್ ಹೊಲೀತೀರೇನ್ರೀ?" ಅಂದರು ಅಂಗಡಿ ಅಣ್ಣ. ನಗಲಿ ಬಿಡಿ. ಅಡ್ಡಳತೆ 38 ಸೆಂಟಿಮೀಟರ್, ಸುತ್ತಳತೆ 119. ಅರವತ್ತು ಕೋಳಿಗೆ ಹಂಚಿದರೆ ಒಂದಕ್ಕೆ ಎರಡು ಸೆಂಟಿಮೀಟರ್ ಮುಟ್ಟುವುದಿಲ್ಲ. ಎರಡು ಸೆಂಟಿಮೀಟರ್ ಅಂದರೆ ನನ್ನ ಹೆಬ್ಬೆರಳಿನ ಅಗಲ. ಐದು ವಾರದ ಕೋಳಿಯ ಎದೆ ಅದರ ಏಳೆಂಟು ಪಟ್ಟು ಇರುತ್ತದೆ.

ಹಾಗಂತ ಸ್ಟಿಕರ್ ಪೂರ್ತಿ ಸುಳ್ಳು ಅಂತ ಅಲ್ಲ. ರಾಸ್ ಎಂಬ ಬ್ರಾಯ್ಲರ್ ತಳಿಯ ಕಂಪನಿಯವರ ಕೈಪಿಡಿಯಲ್ಲಿ ಇದೇ 38 ಸೆಂಟಿಮೀಟರ್ ಫೀಡರಿಗೆ 70 ಕೋಳಿ ಎಂದಿದೆ. ಸರಪಳಿಯಿಂದ ಫೀಡ್ ಎಳೆದು ತರುವ ಉದ್ದ ತೊಟ್ಟಿಗೆ, ಅಂದರೆ ಚೈನ್ ಫೀಡರಿಗೆ, ಒಂದು ಕೋಳಿಗೆ 2.5 ಸೆಂಟಿಮೀಟರ್ ಲೆಕ್ಕ. ಎಲ್ಲ ಕೋಳಿಯೂ ಒಟ್ಟಿಗೆ ತಿನ್ನುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಅದು ನಿಜವೂ ಹೌದು. ಬ್ರಾಯ್ಲರ್ ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಬರುತ್ತದೆ, ಕೆಲವು ನಿಮಿಷ ಕುಕ್ಕುತ್ತದೆ, ನೀರು ಕುಡಿಯುತ್ತದೆ, ಹೋಗಿ ಕೂರುತ್ತದೆ. ಆ ಜಾಗಕ್ಕೆ ಇನ್ನೊಂದು ಬರುತ್ತದೆ. ದುಂಡು ತಟ್ಟೆಗೆ ಇನ್ನೊಂದು ಅನುಕೂಲವೂ ಇದೆ. ಕೊಕ್ಕು ಒಳಗಿರುತ್ತದೆ, ಮೈ ಹೊರಗಿರುತ್ತದೆ, ಹೊರಗಿನ ಸುತ್ತು ದೊಡ್ಡದು. ಹಾಗಾಗಿ ಉದ್ದ ತೊಟ್ಟಿಗಿಂತ ಇಲ್ಲಿ ಕಡಿಮೆ ಅಂಚಿನಲ್ಲೇ ಜಾಸ್ತಿ ಕೋಳಿ ಹಿಡಿಸುತ್ತವೆ. ದೊಡ್ಡ ಕೋಳಿಗಳಾದರೆ ಒಂದು ತಟ್ಟೆಯ ಸುತ್ತ ಹನ್ನೆರಡು ಹದಿಮೂರು ತಲೆ ಆರಾಮಾಗಿ ನಿಲ್ಲುತ್ತವೆ.

ಚಳಿಗಾಲದಲ್ಲಿ ಹಾಕಿದ ಬ್ಯಾಚಿನಲ್ಲಿ ಇದೇ ಆಯಿತು. 50 ಫೀಡರ್, 3000 ಕೋಳಿ, ಸ್ಟಿಕರ್ ಹೇಳಿದಷ್ಟೇ. ಗಲಾಟೆ ಇಲ್ಲ. ತಿಂದವು, ಮಲಗಿದವು, ಎದ್ದವು, ತಿಂದವು. ಆ ಬ್ಯಾಚು ನೋಡಿ ರಿವ್ಯೂ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಅಸಲಿ ಪರೀಕ್ಷೆ ಏಪ್ರಿಲ್‌ನಲ್ಲಿ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ವಾ, 42 ಡಿಗ್ರಿ ಅಂದರೆ ಇಲ್ಲಿ ಸುದ್ದಿಯೇ ಅಲ್ಲ. ಕೋಳಿಗೆ ಬೆವರು ಗ್ರಂಥಿ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ತಿಂದದ್ದು ಅರಗುವಾಗಲೂ ಮೈಯೊಳಗೆ ಶಾಖ ಹುಟ್ಟುತ್ತದೆ. ಹಾಗಾಗಿ ಹೊತ್ತೇರುವ ಮೊದಲೇ ಫೀಡರ್ ಮೇಲಕ್ಕೆ ಎಳೆದು, ಸಂಜೆ ಇಳಿಸುವುದು ನಮ್ಮ ಕಡೆ ಎಲ್ಲರ ರೂಢಿ. ನೀರು ಮಾತ್ರ ಇರುತ್ತದೆ. ಕೋಳಿ ಉಳಿಸಿಕೊಳ್ಳಲು ಇದು ಬೇಕೇ ಬೇಕು. ಆದರೆ ಸ್ಟಿಕರಿನ ಲೆಕ್ಕ ತಲೆಕೆಳಗಾಗುವುದೂ ಇಲ್ಲೇ. ಆರೇಳು ಗಂಟೆ ಖಾಲಿ ಹೊಟ್ಟೆಯಲ್ಲಿದ್ದ 60 ಕೋಳಿಗೆ ಸರದಿ ಅನ್ನುವುದೇ ಇರುವುದಿಲ್ಲ. ಎಲ್ಲವೂ ಒಂದೇ ಸಲ ಬರುತ್ತವೆ. ಮದುವೆ ಊಟದ ಮೊದಲ ಪಂಕ್ತಿಗೆ ಬಾಗಿಲು ತೆರೆದ ಹಾಗೆ. ಜಾಗ ಇರುವುದು ಹದಿಮೂರಕ್ಕೆ.

ಆಗ ಏನಾಗುತ್ತದೆ ಎಂದು ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ನೋಡುವುದಕ್ಕೆ ಮಜಾ ಇದೆ, ಸಂಕಟವೂ ಇದೆ. ಮುಂದಿನವು ತಲೆ ಎತ್ತುವುದೇ ಇಲ್ಲ. ಕುಕ್ಕುವ ವೇಗ ಹೆಚ್ಚಾಗುತ್ತದೆ. ಹಿಂದಿನವು ಭುಜ ತೂರಿಸುತ್ತವೆ, ಆಗದಿದ್ದರೆ ಮುಂದಿನದರ ಬೆನ್ನು ಹತ್ತುತ್ತವೆ. ಉಗುರು ತೊಡೆಗೆ, ಬೆನ್ನಿಗೆ ಗೀರುತ್ತದೆ. ಈ ವಯಸ್ಸಿನಲ್ಲಿ ಬ್ರಾಯ್ಲರಿಗೆ ಹಿಂಭಾಗದಲ್ಲಿ ಪುಕ್ಕ ತೆಳುವಾಗಿರುತ್ತದೆ, ಒದ್ದೆ ಹೊಟ್ಟಿನ ಮೇಲೆ ಗೀರು ಬಿದ್ದರೆ ಚರ್ಮ ಕೆಂಪಾಗಿ ಹುಣ್ಣು ಆಗುತ್ತದೆ. ಸಣ್ಣ ಕೋಳಿಗಳು ಎರಡು ಸಲ ನುಗ್ಗಿ ನೋಡಿ, ಸುಮ್ನೆ ಡ್ರಿಂಕರ್ ಬಳಿ ಹೋಗಿ ನಿಲ್ಲುತ್ತವೆ. ದೊಡ್ಡವು ತಿಂದು ಸರಿದ ಮೇಲೆ ಬರುತ್ತವೆ. ಅಷ್ಟರಲ್ಲಿ ದಪ್ಪ ಕಾಳು ಮುಗಿದಿರುತ್ತದೆ. ಕೋಳಿ ಆರಿಸಿ ತಿನ್ನುವ ಪ್ರಾಣಿ, ಮೊದಲು ದಪ್ಪದ್ದನ್ನೇ ಎತ್ತುತ್ತದೆ. ತಟ್ಟೆಯಲ್ಲಿ ಉಳಿಯುವುದು ಪುಡಿ. ಸಣ್ಣದರ ಪಾಲಿಗೆ ಪುಡಿಯೇ ಬಂದರೆ ಅದು ದೊಡ್ಡದಾಗುವುದು ಯಾವಾಗ?

ಇದು ಸರಾಸರಿ ತೂಕದಲ್ಲಿ ಬೇಗ ಕಾಣುವುದಿಲ್ಲ. ಕೋಳಿ ಹೊಂದಿಕೊಳ್ಳುತ್ತದೆ. ಜಾಗ ಕಡಿಮೆಯಾದರೆ ಬೇಗ ಬೇಗ ತಿಂದು ಮುಗಿಸುತ್ತದೆ, ರಾತ್ರಿ ದೀಪದಲ್ಲಿ ಬಂದು ತಿನ್ನುತ್ತದೆ. ತೂಕ ಮಾಡಿದ ಕಂಪನಿಯ ಸೂಪರ್‌ವೈಸರ್ "ಸರಾಸರಿ ಚಲೋ ಅದರೀ ಅಕ್ಕಾ" ಅಂದರು. ನಾನು ಅವರಿಗೆ ಒಂದು ಕೈಯಲ್ಲಿ ಎರಡೂವರೆ ಕೆಜಿಯ ಕೋಳಿ, ಇನ್ನೊಂದರಲ್ಲಿ ಒಂದೂವರೆ ಕೆಜಿಯದ್ದು ಕೊಟ್ಟೆ. ಎರಡೂ ಒಂದೇ ದಿನ ಬಂದ ಮರಿಗಳು. ಸರಾಸರಿ ಎರಡು ಕೆಜಿ, ಸರಿ. ಆದರೆ ಲಿಫ್ಟಿಂಗಿಗೆ, ಅಂದರೆ ಬೆಳೆದ ಕೋಳಿ ಒಯ್ಯಲು ಬಂದ ವ್ಯಾಪಾರಿ ಆ ಸಣ್ಣದ್ದನ್ನು ಬಿಟ್ಟು ಹೋಗುತ್ತಾನೆ. ಅದಕ್ಕೆ ಇನ್ನೂ ಒಂದು ವಾರ ಫೀಡ್ ಹಾಕುವುದು ನಾನು.

ನಡು ಬ್ಯಾಚಿನಲ್ಲೇ ಮತ್ತೆ ಸಿಂಧನೂರಿಗೆ ಹೋಗಿ ಇನ್ನೂ 25 ಫೀಡರ್ ತಂದೆ. ಒಟ್ಟು 75. ಈಗ ಒಂದಕ್ಕೆ 40 ಕೋಳಿ, ಅಂದರೆ ಒಂದು ಕೋಳಿಗೆ ಸುಮಾರು 3 ಸೆಂಟಿಮೀಟರ್ ಅಂಚು. ಸಂಜೆಯ ನೂಕಾಟ ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಒಂದು ತಿನ್ನುವುದು ಕಂಡರೆ ಹಸಿವಿಲ್ಲದ ಇನ್ನೊಂದೂ ಎದ್ದು ಬರುವ ಜಾತಿ ಇದು. ಆದರೆ ಬೆನ್ನು ಹತ್ತುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಡ್ರಿಂಕರ್ ಬಳಿ ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಿದ್ದವೂ ಮೊದಲ ಅರ್ಧ ಗಂಟೆಯಲ್ಲೇ ತಟ್ಟೆಗೆ ಬಂದವು.

ಖರ್ಚು? 25 ಫೀಡರಿಗೆ 7000 ರೂಪಾಯಿ. ಒಮ್ಮೆ ಹಾಕಿದರೆ ಕೆಲವು ವರ್ಷ ಬರುತ್ತದೆ. ಎದುರಿಗೆ ಇದನ್ನು ಇಟ್ಟು ನೋಡಿ. ಒಂದು ಕೋಳಿ ಲಿಫ್ಟಿಂಗ್ ಹೊತ್ತಿಗೆ ಮೂರೂವರೆ ಕೆಜಿ ಫೀಡ್ ತಿಂದಿರುತ್ತದೆ, 3000 ಕೋಳಿಗೆ ಹತ್ತೂವರೆ ಟನ್. ನೂಕಾಟದಲ್ಲಿ ನೂರಕ್ಕೆ ಎರಡು ಪಾಲು ಹೊಟ್ಟಿಗೆ ಚೆಲ್ಲಿದರೂ 210 ಕೆಜಿ, ನಾಲ್ಕು ಚೀಲಕ್ಕಿಂತ ಜಾಸ್ತಿ. ಫೀಡ್ ಕಂಪನಿಯದೇ, ನಿಜ. ಆದರೆ ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕಕ್ಕೆ ಖರ್ಚಾದ ಫೀಡಿನ ಲೆಕ್ಕ, ಏರಿದರೆ ಕಡಿತ ಬೀಳುವುದು ಕಂಪನಿ ನನಗೆ ಕೊಡುವ ಸಾಕಣೆ ದರಕ್ಕೆ.

ಇನ್ನು ಈ ಫೀಡರ್ ಸಾಮಾನಾಗಿ ಹೇಗಿದೆ?

ಜಾಲರಿ ಒಳ್ಳೆಯದು. ಇದು ತಟ್ಟೆಯನ್ನು ಹೋಳು ಹೋಳಾಗಿ ಮಾಡುತ್ತದೆ. ಕೋಳಿ ಒಳಗೆ ಹತ್ತಿ ಕೂರಲು ಆಗುವುದಿಲ್ಲ, ಕೊಕ್ಕಿನಿಂದ ಅಕ್ಕಪಕ್ಕ ಚಿಮ್ಮಿಸಲೂ ಆಗುವುದಿಲ್ಲ. ಜಾಲರಿ ಇಲ್ಲದ್ದು 40 ರೂಪಾಯಿ ಕಡಿಮೆ ಅಂತ ತರಬೇಡಿ. ತಟ್ಟೆಯೊಳಗೆ ಒಂದು ಕೋಳಿ ಹತ್ತಿ ಕೂತರೆ ನಾಲ್ಕು ಕೋಳಿಯ ಜಾಗ ಹೋಯಿತು, ಮೇಲೆ ಹಿಕ್ಕೆ ಬೇರೆ. ತಟ್ಟೆಯ ಅಂಚು ಒಳಕ್ಕೆ ಬಾಗಿದೆ, ಅದೂ ಚೆಲ್ಲುವುದನ್ನು ತಡೆಯುತ್ತದೆ. ತೊಳೆಯುವುದು ಸುಲಭ. ಬ್ಯಾಚ್ ಮುಗಿದ ಮೇಲೆ ಬಿಚ್ಚಿ, ಉಜ್ಜಿ, ನೆರಳಿನಲ್ಲಿ ಒಣಗಿಸುತ್ತೇವೆ. ಬಿಸಿಲಿಗೆ ಹಾಕಿದರೆ ಹಳದಿ ಡಬ್ಬಿ ಬೇಗ ಬಿರುಕು ಬಿಡುತ್ತದೆ.

ಲಾಕ್ ಕೆಟ್ಟದ್ದು. ಡಬ್ಬಿಯನ್ನು ತಿರುಗಿಸಿ ಫೀಡ್ ಇಳಿಯುವ ಸಂದು ಹಿಗ್ಗಿಸುವ, ಕುಗ್ಗಿಸುವ ಮೆಟ್ಟಿಲುಗಳಿವೆ. ಫೀಡ್ ತಟ್ಟೆಯಲ್ಲಿ ಮೂರನೇ ಒಂದು ಭಾಗ ನಿಂತರೆ ಸಾಕು. ಆದರೆ ಸಂಜೆಯ ನೂಕಾಟಕ್ಕೆ ಫೀಡರ್ ಅಲುಗಾಡಿ, ಲಾಕ್ ತಾನಾಗಿಯೇ ಒಂದು ಮೆಟ್ಟಿಲು ಜಾರುತ್ತದೆ. ಬೆಳಿಗ್ಗೆ ನೋಡಿದರೆ ತಟ್ಟೆ ಕಂಠದವರೆಗೆ ತುಂಬಿರುತ್ತದೆ, ಕೆಳಗೆ ಫೀಡ್ ಚೆಲ್ಲಿರುತ್ತದೆ. ಈಗ ಹುಡುಗ ಎಲ್ಲದಕ್ಕೂ ತಂತಿ ಬಿಗಿದಿದ್ದಾನೆ. 280 ರೂಪಾಯಿ ಕೊಟ್ಟ ಮೇಲೆ ತಂತಿ ಬಿಗಿಯುವ ಕೆಲಸ ನಮಗೆ ಇರಬಾರದಿತ್ತು.

ತೂಗುಹಾಕುವ ಹಗ್ಗವನ್ನು ಅಂಗಡಿಯವರು ಕೊಡುವುದಿಲ್ಲ. ನಾವು ಒಂದೊಂದು ಸಾಲನ್ನು ಒಂದೇ ಕೇಬಲ್ಲಿಗೆ ಕಟ್ಟಿ, ತುದಿಯಲ್ಲಿ ಕೈಯಿಂದ ತಿರುಗಿಸುವ ರಾಟೆ ಹಾಕಿದ್ದೇವೆ. ಬೇಸಿಗೆಯಲ್ಲಿ ಇದು ದೊಡ್ಡ ಉಪಕಾರ. ಒಂದೊಂದೇ ಫೀಡರ್ ಇಳಿಸಿದರೆ ಮೊದಲನೆಯದರ ಮೇಲೆ ಇಡೀ ಶೆಡ್ ಬೀಳುತ್ತದೆ. ಮೇಲಿದ್ದಾಗಲೇ ಎಲ್ಲ ತುಂಬಿಸಿ, ಸಾಲುಗಳನ್ನು ಒಟ್ಟಿಗೆ ಇಳಿಸಿದರೆ ಕೋಳಿ ಹರಡಿಕೊಳ್ಳುತ್ತದೆ. ಎತ್ತರ ಸರಿಮಾಡುವುದೂ ಈ ರಾಟೆಯಿಂದಲೇ. ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ದೊಡ್ಡ ಕೋಳಿ ನೋಡಿ ಎತ್ತರಿಸಿದರೆ ಸಣ್ಣದಕ್ಕೆ ಕತ್ತು ಎಟುಕುವುದಿಲ್ಲ. ಅದರ ಲೆಕ್ಕಕ್ಕೆ ಶೆಡ್ಡಿನಲ್ಲಿ ಫೀಡರೇ ಇಲ್ಲ.

ಜಾಗದ ವಿಷಯದಲ್ಲಿ ಫೀಡರಿನ ತಪ್ಪಲ್ಲದ ಇನ್ನೊಂದು ಸಂಗತಿ. ನಮ್ಮ ಹೊಲದ ಆಕಾರದಿಂದಾಗಿ ಶೆಡ್ ಉತ್ತರ-ದಕ್ಷಿಣ ಉದ್ದಕ್ಕೆ ಇದೆ. ಪೂರ್ವ-ಪಶ್ಚಿಮ ಇರಬೇಕಿತ್ತು. ಮಧ್ಯಾಹ್ನದ ಮೇಲೆ ಪಶ್ಚಿಮ ಬದಿಯ ತಂತಿ ಜಾಲಿಯಿಂದ ಬಿಸಿಲು ಒಳಗೆ ಬೀಳುತ್ತದೆ. ಗೋಣಿ ಪರದೆ ಇಳಿಬಿಟ್ಟರೂ ಆ ಕಡೆ ನೆಲ ಕಾದಿರುತ್ತದೆ. ಕೋಳಿ ಎಲ್ಲ ಪೂರ್ವಕ್ಕೆ ಸರಿಯುತ್ತವೆ. ಪಶ್ಚಿಮದ ಸಾಲಿನ ಫೀಡರ್ ತುಂಬಿಕೊಂಡೇ ಇರುತ್ತವೆ, ಪೂರ್ವದ್ದರ ಸುತ್ತ ಕಾಲಿಡಲು ಜಾಗ ಇಲ್ಲ. ಕಾಗದದಲ್ಲಿ 40, ಆ ಹೊತ್ತಿಗೆ ಆ ಕಡೆ 60. ಈಗ ಹೊಸ 25ರಲ್ಲಿ ಹೆಚ್ಚಿನವನ್ನು ನಡು ಸಾಲಿಗೂ ಪೂರ್ವಕ್ಕೂ ಹಾಕಿದ್ದೇವೆ. ಗೋಡೆಗೆ ತೀರಾ ಹತ್ತಿರ ತೂಗುಹಾಕಿದರೂ ಇದೇ ನಷ್ಟ. ಸುತ್ತಳತೆ 119 ಇದ್ದರೂ ಗೋಡೆ ಕಡೆಯ ಭಾಗಕ್ಕೆ ಕೋಳಿ ಹೋಗಲು ಆಗಬೇಕಲ್ವಾ?

ಲಾಕ್ ಬಗ್ಗೆ ಅಂಗಡಿಗೆ ಹೇಳಿದೆ. ಮಾತು ಕೇಳಿಸಿಕೊಂಡರು, ಎರಡು ತಟ್ಟೆ ಬದಲಿಸಿಯೂ ಕೊಟ್ಟರು. ಲಾಕಿನ ರಿಂಗ್ ಬಿಡಿಯಾಗಿ ಕೊಡಿ ಅಂದರೆ "ಬಿಡಿ ಬರಂಗಿಲ್ರೀ ಅಕ್ಕಾರ, ಸೆಟ್ಟೇ ತಗೋಬೇಕು" ಅಂದರು. ಕೊಳ್ಳುವವರು ಅಂಗಡಿಯಲ್ಲೇ ಡಬ್ಬಿ ಕೂರಿಸಿ, ಹಿಡಿದು ಜೋರಾಗಿ ಅಲುಗಾಡಿಸಿ ನೋಡಿ. ಜಾರಿದ್ದನ್ನು ಪಕ್ಕಕ್ಕಿಡಿ. ನಾನು ಎರಡನೇ ಸಲ ಹಾಗೇ ಆರಿಸಿ ತಂದೆ, ಅವು ಪರವಾಗಿಲ್ಲ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಲಾಕ್ ಗಟ್ಟಿ ಮಾಡಿ, ಸ್ಟಿಕರ್ ಮೇಲೆ ಬೇಸಿಗೆಗೆ ಬೇರೆ ಅಂಕಿ ಬರೆದರೆ ನಾಲ್ಕೂವರೆ ಕೊಡುತ್ತೇನೆ.

ನಾಟಿ ಕೋಳಿ ಸಾಕುವವರಿಗೆ ಮಾತ್ರ ಇದು ಬೇಡ. ನಮ್ಮ ಅತ್ತೆ ಹಿತ್ತಲಿನ ಕೋಳಿಗಳಿಗೆ ಅಂತ ಒಂದು ಇಸಿದುಕೊಂಡರು. ಅವು ಹಾರಿ ಡಬ್ಬಿಯ ಮೇಲೆ ಕೂರುತ್ತವೆ, ಅಲ್ಲಿಂದಲೇ ತಟ್ಟೆಗೆ ಹಿಕ್ಕೆ ಹಾಕುತ್ತವೆ. ಅತ್ತೆ ಈಗ ಅದರಲ್ಲಿ ಬೇಳೆ ತುಂಬಿಟ್ಟಿದ್ದಾರೆ.